ಅಪ್‌ಡೇಟ್: ಶೇಡಿ ಮಣ್ಣಿನ ಓಣಿಗೆ ಇಂಟರ್‌ಲಾಕ್ ಹಾಕಿಸಿದೆವು

ಮಣಿಪಾಲದ ಹತ್ತಿರ ನಮ್ಮ ಮನೆಯ ಓಣಿ ಪ್ರತಿ ಮಳೆಗಾಲ ಕುಸಿಯುತ್ತದೆ, ಇಂಟರ್‌ಲಾಕ್ ಹಾಕುವ ಮೊದಲು ಏನು ಮಾಡಬೇಕು ಅಂತ ಮಾರ್ಚ್‌ನಲ್ಲಿ ಕೇಳಿದ್ದೆ. ಕೆಲಸ ಮುಗಿದು ಒಂದು ಮಳೆಗಾಲವೂ ಕಳೆಯಿತು.

ಅಡಿಯಲ್ಲಿ ಶೇಡಿ (ಕರಾವಳಿಯಲ್ಲಿ ಕೆಂಪು ಮಣ್ಣಿನ ಕೆಳಗೆ ಸಿಗುವ ನುಣ್ಣನೆಯ ಮಣ್ಣು) ಇರಬಹುದು ಅಂತ ನೀವು ಉತ್ತರಿಸಿದ್ದಿರಿ. ಅಗೆದು ನೋಡಿದರೆ ನೀವು ಹೇಳಿದ್ದೇ ಸರಿ. ಮೇಲೆ ಒಂದಡಿ ಕೆಂಪು ಮಣ್ಣು, ಕೆಳಗೆ ಬರೀ ಶೇಡಿ. ಒಣಗಿದ್ದಾಗ ಪಿಕಾಸಿಗೂ ಜಗ್ಗುವುದಿಲ್ಲ, ನೀರು ಕುಡಿದರೆ ಗಂಜಿ! ಅದಕ್ಕೇ ಅಲ್ವಾ ರಸ್ತೆಯಡಿಯ ಮಣ್ಣು ಎಷ್ಟು ಭಾರ ತಾಳುತ್ತದೆ ಅಂತ ನೋಡುವ ಸಿಬಿಆರ್ ಪರೀಕ್ಷೆಗೆ ಮಣ್ಣನ್ನು 4 ದಿನ ನೆನೆಸಿಡುವುದು.

ಎರಡಡಿ ಶೇಡಿ ತೆಗೆಸಿ ಗರಸು ಮಣ್ಣು ತುಂಬಿಸಿದೆವು. ಕೆಲಸದವರು ಒಂದೇ ಸಲ ಸುರಿದು ಮೇಲೊಮ್ಮೆ ರೋಲರ್ ಓಡಿಸುತ್ತೇವೆ ಅಂದರು. ಒಪ್ಪಲಿಲ್ಲ. 15 ಸೆಂ.ಮೀ. ಪದರದಂತೆ ಹಾಕಿಸಿ, ಪ್ರತಿ ಪದರಕ್ಕೂ ರೋಲರ್ ಹೊಡೆಸಿದೆ. ನೀರಿನ ಹದವೇ ಕಷ್ಟ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈ ಒದ್ದೆಯಾಗಬಾರದು. ಎರಡು ದಿನ ಸುಮ್ನೆ ಉಂಡೆ ಕಟ್ಟುತ್ತಾ ನಿಂತಿದ್ದೆ, ಅಮ್ಮನಿಗೆ ನಗು.

ಮಣ್ಣು ಗಟ್ಟಿಯಾಗಲು ಸುಣ್ಣ, ಸಿಮೆಂಟ್ ಬೆರೆಸುವುದನ್ನು ಕೈಬಿಟ್ಟೆವು. ಇಷ್ಟು ಸಣ್ಣ ಓಣಿಯಲ್ಲಿ ಸಮವಾಗಿ ಕಲಸುವುದು ಆಗದ ಮಾತು. ಆ ದುಡ್ಡಲ್ಲಿ ಗುಡ್ಡದ ಬದಿಗೆ ಮಳೆನೀರು ಹರಿದುಹೋಗಲು ತೋಡು (ಚರಂಡಿ) ಕಟ್ಟಿಸಿದೆವು. ನನ್ನ ಪ್ರಕಾರ ಜಾಸ್ತಿ ಉಪಕಾರ ಆಗಿದ್ದು ಅದರಿಂದಲೇ.

ಗೇಟಿನ ಹತ್ತಿರ ನಾಲ್ಕು ಕಲ್ಲು ಮಾತ್ರ ತಗ್ಗಿವೆ. ಅಲ್ಲಿ ರೋಲರ್ ಹೋಗಿರಲಿಲ್ಲ.