ಪದಚರ್ಚೆ: ಡಿಕ್ಕಿಯ ವೂಫರ್ ಪೆಟ್ಟಿಗೆ, ರಾಳಕ್ಕೆ ಹಾಕುವ ‘ಹೆಪ್ಪು’

ಪದಾಸಕ್ತರೆಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗ ತುಮಕೂರಿನಲ್ಲಿ ಕಾರುಗಳಿಗೆ ಸ್ಪೀಕರ್, ಆಂಪ್ಲಿಫೈಯರ್ ಕೂರಿಸುವ ಅಂಗಡಿ ಇಟ್ಟಿದ್ದಾನೆ. ಡಿಕ್ಕಿಯ ಮೂಲೆಯಲ್ಲಿ, ಚಕ್ರದ ಮೇಲಿನ ಕಮಾನಿನ ಉಬ್ಬುತಗ್ಗಿಗೆ ಸರಿಯಾಗಿ ಒದಗುವಂತೆ ಫೈಬರ್‌ಗ್ಲಾಸಿನಲ್ಲಿ ಸಬ್‌ವೂಫರ್ (ತಗ್ಗಿನ ಸ್ವರಗಳನ್ನಷ್ಟೇ ನುಡಿಸುವ ಸ್ಪೀಕರ್) ಪೆಟ್ಟಿಗೆ ಮಾಡುವುದರಲ್ಲಿ ಅವನ ಕೈ ಪಳಗಿದೆ. ಅವನಲ್ಲಿ ಕೆಲಸ ಕಲಿಯಲು ಬರುವ ಹುಡುಗರು ಕನ್ನಡವನ್ನು ಚೆನ್ನಾಗಿ ಓದುತ್ತಾರೆ, ಬಾಟಲಿಗಳ ಮೇಲಿನ ಇಂಗ್ಲಿಷ್ ಅವರಿಗೆ ತೊಡಕು. ಅವರಿಗಾಗಿ ಒಂದು ಕೈಪಿಡಿಯನ್ನು ಬರೆದುಕೊಡುತ್ತಿದ್ದೇನೆ. ಬರೆಯುತ್ತಾ ಹೋದಂತೆ ಒಂದು ವಿಷಯ ಗಟ್ಟಿಯಾಯಿತು: ಈ ಕೆಲಸದಲ್ಲಿ ಸ್ಪೀಕರ್, ಮ್ಯಾಟ್, ಪುಟ್ಟಿ ಎಂಬ ಹೆಸರುಗಳು ಹೇಗಿದ್ದರೂ ನಡೆಯುತ್ತದೆ, ಕ್ರಿಯಾಪದ ತಪ್ಪಿದರೆ ಕೆಲಸವೇ ಕೆಡುತ್ತದೆ. ನಿಮ್ಮ ಅಭಿಪ್ರಾಯ ಬೇಕಾಗಿರುವುದು ಮುಖ್ಯವಾಗಿ ಇದರ ಬಗ್ಗೆ.

ಮೊದಲು ಎಲ್ಲಕ್ಕಿಂತ ತುರ್ತಿನದು. ಗಾಜಿನ ನಾರಿನ ಮ್ಯಾಟ್‌ಗೆ ಬಳಿದು ಗಟ್ಟಿಮಾಡುವ ಪಾಲಿಯೆಸ್ಟರ್ ರಾಳವನ್ನು (ರೆಸಿನ್) ಕೊಳ್ಳಲು ಹೋದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ಮೂರು ವಸ್ತು ಕೊಡುತ್ತಾರೆ. ರಾಳದ ಡಬ್ಬ, ನೇರಳೆ ಬಣ್ಣದ ಕೋಬಾಲ್ಟ್ ದ್ರವದ ಸಣ್ಣ ಬಾಟಲಿ, ನೀರಿನಂತೆ ತಿಳಿಯಾದ ಹಾರ್ಡ್ನರ್‌ನ ಇನ್ನೊಂದು ಬಾಟಲಿ. ಈ ಹಾರ್ಡ್ನರ್ ಎಂದರೆ ಮಿಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ಅಂಗಡಿಯವರು ಇದನ್ನೇ ಕ್ಯಾಟಲಿಸ್ಟ್ ಎಂದೂ ಕರೆಯುತ್ತಾರೆ. ಕೋಬಾಲ್ಟನ್ನು ಆಕ್ಸಿಲರೇಟರ್ ಎನ್ನುತ್ತಾರೆ. ಕೋಬಾಲ್ಟನ್ನು ಮೊದಲು ರಾಳಕ್ಕೆ ಹಾಕಿ ಚೆನ್ನಾಗಿ ಕಲಸಬೇಕು, ಆಮೇಲಷ್ಟೇ ಹಾರ್ಡ್ನರ್ ಸೇರಿಸಬೇಕು. ಎರಡು ಬಾಟಲಿಗಳ ದ್ರವ ನೇರವಾಗಿ ಒಂದಕ್ಕೊಂದು ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು.

ಈಗ ಕನ್ನಡಕ್ಕೆ ಬನ್ನಿ. ರಸಾಯನಶಾಸ್ತ್ರದ ಪಾಠದಲ್ಲಿ ಕ್ಯಾಟಲಿಸ್ಟ್‌ಗೆ ಕ್ರಿಯಾವರ್ಧಕ, ವೇಗವರ್ಧಕ ಎಂಬ ಎರಡೂ ಪದಗಳು ಬಳಕೆಯಲ್ಲಿವೆ. ಆಕ್ಸಿಲರೇಟರ್‌ಗೂ ವೇಗವರ್ಧಕವೇ. ಕೈಪಿಡಿಯನ್ನು ನಿಘಂಟು ನೋಡಿಕೊಂಡು ಬರೆದರೆ ಎರಡು ಬಾಟಲಿಗೂ ಒಂದೇ ಹೆಸರು ಬೀಳುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಮೇಲೆ ಹುಡುಗರ ಕಣ್ಣು, ಕೈ ನಿಂತಿರುವಾಗ ಇಂತಹ ಪದವನ್ನು ಅಚ್ಚು ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೇಲಾಗಿ ಹಾರ್ಡ್ನರ್ ನಿಜವಾದ ಕ್ರಿಯಾವರ್ಧಕವೂ ಅಲ್ಲ. ಕ್ರಿಯಾವರ್ಧಕ ಕ್ರಿಯೆ ಮುಗಿದ ಮೇಲೆ ಉಳಿಯಬೇಕು. ಪೆರಾಕ್ಸೈಡ್ ಒಡೆದುಹೋಗಿ, ಕ್ರಿಯೆಯನ್ನು ಶುರುಮಾಡಿ, ತಾನು ಖರ್ಚಾಗುತ್ತದೆ.

ಆದ್ದರಿಂದ ಕೋಬಾಲ್ಟನ್ನು ಕೋಬಾಲ್ಟ್ ಎಂದೇ ಉಳಿಸಿಕೊಂಡು, ಹಾರ್ಡ್ನರ್‌ಗೆ ‘ಹೆಪ್ಪು’ ಎನ್ನೋಣವೇ? ನನಗೆ ಇದು ಬಹಳ ಹಿಡಿಸಿದೆ. ಹಾಲಿಗೆ ಹೆಪ್ಪು ಹಾಕುವಂತೆಯೇ ಇಲ್ಲಿಯೂ ಚೂರೇ ಚೂರು ಹಾಕಿದರೆ ಪಾತ್ರೆಯಷ್ಟೂ ಗಟ್ಟಿಯಾಗುತ್ತದೆ. ರಾಳದ ತೂಕದ ನೂರಕ್ಕೆ 1ರಿಂದ 2 ಪಾಲು ಸಾಕು. ಬೇಸಿಗೆಯಲ್ಲಿ ಬೇಗ ಹೆಪ್ಪಾಗುತ್ತದೆ, ಚಳಿಯಲ್ಲಿ ತಡವಾಗುತ್ತದೆ, ಅದನ್ನು ನೋಡಿಕೊಂಡು ಹೆಪ್ಪಿನ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಬೇಕು. ಗಟ್ಟಿಯಾಗತೊಡಗಿದ ಮೇಲೆ ಕಲಕಿದರೆ ಒಡೆದುಹೋಗುತ್ತದೆ. ಅಡುಗೆಮನೆಯನ್ನು ಕಂಡ ಯಾವ ಹುಡುಗನಿಗೂ ಇಷ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ, ಪದವೇ ಹೇಳಿಬಿಡುತ್ತದೆ. ‘ಗಟ್ಟಿಕಾರಕ’ ಎಂಬ ಸಲಹೆಯೂ ಬಂದಿದೆ. ಅದರಲ್ಲಿ ತಪ್ಪಿಲ್ಲ, ಆದರೆ ಎಷ್ಟು ಹಾಕಬೇಕು, ಹಾಕಿದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅದು ಹೇಳುವುದಿಲ್ಲ. ಆದರೂ ಒಂದು ಮಾತು: ಹಾಲಿನ ಹೆಪ್ಪಿನಲ್ಲಿ ಬೆರಳದ್ದಿದರೆ ಏನೂ ಆಗದು. ಈ ಹೆಪ್ಪು ಕಣ್ಣಿಗೆ ಹಾರಿದರೆ ದೃಷ್ಟಿಯನ್ನೇ ಕಳೆಯಬಲ್ಲದು. ಹಾಗಾಗಿ ಕೈಪಿಡಿಯಲ್ಲಿ ಈ ಪದ ಮೊದಲು ಬರುವ ಕಡೆಯೇ ಕನ್ನಡಕ, ಕೈಗವಸಿನ ಮಾತನ್ನು ದಪ್ಪಕ್ಷರದಲ್ಲಿ ಹಾಕುತ್ತೇನೆ.

ಹೆಪ್ಪು ಒಪ್ಪಿಗೆಯಾದರೆ ಕ್ರಿಯಾಪದ ತಾನಾಗಿಯೇ ಬರುತ್ತದೆ: ರಾಳ ‘ಹೆಪ್ಪುಗಟ್ಟುತ್ತದೆ’. ಈಗ ಎಲ್ಲರ ಬಾಯಲ್ಲಿರುವುದು ‘ಒಣಗುತ್ತದೆ’. ಫೈಬರ್ ಇನ್ನೂ ಒಣಗಿಲ್ಲ, ಒಣಗಲು ಬಿಡಿ ಎನ್ನುತ್ತಾರೆ. ಇದರಿಂದ ಆಗುವ ಅನರ್ಥ ಸಣ್ಣದಲ್ಲ. ಒಣಗುವುದು ಎಂದರೆ ತೇವ ಹಾರಿಹೋಗುವುದು. ಹಾಗೆಂದುಕೊಂಡ ಹುಡುಗ ಪೆಟ್ಟಿಗೆಯನ್ನು ಬಿಸಿಲಿಗೆ ಇಡುತ್ತಾನೆ, ಫ್ಯಾನ್ ತಿರುಗಿಸುತ್ತಾನೆ. ರಾಳದೊಳಗೆ ನಡೆಯುವುದು ಅಣುಗಳ ನಡುವೆ ಕೊಂಡಿ ಬೆಸೆಯುವ ಕೆಲಸ, ಅದು ತನ್ನ ಶಾಖವನ್ನು ತಾನೇ ಹುಟ್ಟಿಸುತ್ತದೆ. ಬಿಸಿಲು ತಾಗಿದರೆ ಆ ಶಾಖ ಇಮ್ಮಡಿಸಿ ಪದರ ಸೆಟೆಯುತ್ತದೆ, ಬಿರುಕು ಬಿಡುತ್ತದೆ. ಉಳಿದ ರಾಳವನ್ನು ಲೋಟದಲ್ಲಿ ದಪ್ಪಗೆ ಹಾಗೆಯೇ ಬಿಟ್ಟರೆ ಲೋಟ ಮುಟ್ಟಲಾಗದಷ್ಟು ಕಾದು ಹೊಗೆಯಾಡುವುದನ್ನು ಆ ಅಂಗಡಿಯಲ್ಲಿ ಯಾರು ಬೇಕಾದರೂ ನೋಡಬಹುದು. ಇನ್ನು, ಗಾಳಿ ತಾಗುವ ಮೇಲ್ಮೈ ಪೂರ್ತಿ ಗಟ್ಟಿಯಾದ ಮೇಲೂ ಸ್ವಲ್ಪ ಅಂಟಂಟಾಗಿಯೇ ಇರುತ್ತದೆ. ಗಾಳಿಯಲ್ಲಿನ ಆಮ್ಲಜನಕ ಅಲ್ಲಿ ಕೊಂಡಿ ಬೆಸೆಯಲು ಬಿಡುವುದಿಲ್ಲ. ಅದು ಕೆಟ್ಟದ್ದಲ್ಲ, ಮುಂದಿನ ಪದರ ಹಿಡಿದುಕೊಳ್ಳಲು ಅನುಕೂಲ. ‘ಒಣಗಿಲ್ಲ’ ಎಂದುಕೊಂಡವನು ಮುಂದಿನ ಸಲ ಸುಮ್ಮನೆ ಹೆಪ್ಪನ್ನು ಹೆಚ್ಚು ಹಾಕುತ್ತಾನೆ.

ಒಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಚಳಿಗೆ ನೀರು ಹೆಪ್ಪುಗಟ್ಟಿತು ಎಂದೂ ಬರೆಯುತ್ತೇವೆ. ಆ ನೀರು ಮತ್ತೆ ಕರಗುತ್ತದೆ. ಗಟ್ಟಿಯಾದ ಈ ರಾಳ ಎಷ್ಟು ಕಾಯಿಸಿದರೂ ಕರಗಿ ಮೊದಲಿನಂತಾಗುವುದಿಲ್ಲ. ಈ ಇನ್ನೊಂದು ಅರ್ಥ ಓದುಗನನ್ನು ದಾರಿ ತಪ್ಪಿಸೀತೇ? ಮೊಸರು, ರಕ್ತಗಳ ಬಳಕೆ ಬಲವಾಗಿರುವುದರಿಂದ ತಪ್ಪಿಸದು ಎಂಬುದು ನನ್ನ ಎಣಿಕೆ.

ಎರಡನೆಯದು, ಪೆಟ್ಟಿಗೆ. ‘ಎನ್‌ಕ್ಲೋಷರ್’ ಎಂಬುದಕ್ಕೆ ಯಂತ್ರಾನುವಾದಗಳು ‘ಆವರಣ’ ಎಂದು ಕೊಡುತ್ತಿವೆ. ಶಾಲೆಯ ಆವರಣ, ದೇವಸ್ಥಾನದ ಆವರಣ ಎಂದು ದಿನವೂ ಓದುವವರಿಗೆ ‘ಸ್ಪೀಕರ್ ಆವರಣ’ ಎಂದರೆ ಸ್ಪೀಕರಿನ ಸುತ್ತಲಿನ ಬಯಲು ಎಂದು ಕೇಳಿಸುತ್ತದೆ. ಗೆಳೆಯರೊಬ್ಬರು ವೀಣೆಯ ‘ಕೊಡ’ವನ್ನು ಸೂಚಿಸಿದರು. ಚಂದದ ಪದ, ಆಕಾರವೂ ಹೋಲುತ್ತದೆ, ವೀಣೆಯ ಬುರುಡೆಗಳೂ ಈಗ ಫೈಬರ್‌ಗ್ಲಾಸಿನಲ್ಲಿ ಬರುತ್ತಿವೆ. ಆದರೆ ನಾನು ಒಪ್ಪಲಾರೆ. ವೀಣೆಯ ಕೊಡ ತಂತಿಯ ಜೊತೆಗೆ ತಾನೂ ಮಿಡಿಯಬೇಕು, ಅದಕ್ಕಾಗಿಯೇ ಹಲಸಿನ ಮರವನ್ನು ತೆಳುವಾಗಿ ಕಡೆಯುತ್ತಾರೆ. ವೂಫರ್ ಪೆಟ್ಟಿಗೆಯ ಗೋಡೆ ಮಿಡಿಯಲೇಬಾರದು. ಕೋನಿನ (ಸ್ಪೀಕರಿನಲ್ಲಿ ಹಿಂದೆಮುಂದೆ ಅದುರಿ ಸದ್ದು ಹುಟ್ಟಿಸುವ ಭಾಗದ) ಮುಂಬದಿಯ ಅಲೆಯೂ ಹಿಂಬದಿಯ ಅಲೆಯೂ ಒಂದನ್ನೊಂದು ಅಳಿಸಿಹಾಕದಂತೆ ಬೇರ್ಪಡಿಸಿ, ಒಳಗಿನ ಗಾಳಿಯನ್ನು ಸ್ಪ್ರಿಂಗಿನಂತೆ ದುಡಿಸಿಕೊಳ್ಳುವುದು ಅದರ ಕೆಲಸ. ಗೋಡೆ ಅದುರಿದರೆ ಸದ್ದು ಗೊಗ್ಗರಾಗುತ್ತದೆ. ನಾಲ್ಕೈದು ಪದರ ಹಾಕುವುದು ಆ ಅದುರನ್ನು ಕೊಲ್ಲಲಿಕ್ಕೇ.

ಹಾಗಾಗಿ ‘ಪೆಟ್ಟಿಗೆ’ಯೇ ಸಾಕು. ಶ್ರುತಿಪೆಟ್ಟಿಗೆ ನಮ್ಮಲ್ಲಿ ಮೊದಲೇ ಇದೆ, ಉತ್ತರ ಕರ್ನಾಟಕದಲ್ಲಿ ಹಾರ್ಮೋನಿಯಂ ‘ಪೇಟಿ’. ಸದ್ದಿಗೂ ಪೆಟ್ಟಿಗೆಗೂ ನಂಟು ಹೊಸದಾಗಿ ಕಲ್ಪಿಸಬೇಕಾಗಿಲ್ಲ. ಪೂರ್ತಿ ಮುಚ್ಚಿದ ಬಗೆಗೆ ‘ಗಾಳಿಯಾಡದ ಪೆಟ್ಟಿಗೆ’, ಕೊಳವೆ ಇಟ್ಟು ಗಾಳಿಗೆ ದಾರಿ ಬಿಟ್ಟ ಬಗೆಗೆ ‘ಕಿಂಡಿ ಪೆಟ್ಟಿಗೆ’ ಎಂದು ಬರೆದಿದ್ದೇನೆ. ಕೊಳವೆಯ ಉದ್ದ, ಬಾಯಗಲಗಳನ್ನು ಹೊಂದಿಸಿ ಅದನ್ನು ಇಂತಿಷ್ಟು ಹರ್ಟ್ಸ್‌ಗೆ ‘ಶ್ರುತಿ ಮಾಡುವುದು’ ಎನ್ನಲು ಯಾರ ತಕರಾರೂ ಇರಲಾರದು.

ಮೂರನೆಯದು ನಿಜವಾಗಿ ತೊಡಕಿನದು: ‘ವಾಲ್ಯೂಮ್’. ಬೇರೆ ಕೆಲಸದಲ್ಲಾದರೆ ಹಾಗೆಯೇ ಬಳಸಬಹುದಿತ್ತು. ಸದ್ದಿನ ಕೆಲಸದಲ್ಲಿ ವಾಲ್ಯೂಮ್ ಎಂದರೆ ಸದ್ದಿನ ಮಟ್ಟ. ‘ಪೆಟ್ಟಿಗೆಯ ವಾಲ್ಯೂಮ್ ಕಡಿಮೆಯಾಗಿದೆ’ ಎಂದು ಬರೆದರೆ ಓದಿದವನು ಗುಂಡಿ ತಿರುಗಿಸುತ್ತಾನೆ. ‘ಗಾತ್ರ’ ಎಂದರೆ ಹೊರಗಿನ ದೊಡ್ಡತನ ಎಂದುಕೊಳ್ಳುತ್ತಾನೆ. ‘ಘನಫಲ’ ಶಾಲೆಯ ಲೆಕ್ಕದ ಪುಸ್ತಕದಾಚೆ ಬಂದಿಲ್ಲ. ಇಲ್ಲಿಯೂ ಕ್ರಿಯಾಪದವೇ ಕೈಹಿಡಿಯಿತು. ಹತ್ತು ಸೇರು ಹಿಡಿಯುವ ಪಾತ್ರೆ ಎನ್ನುತ್ತೇವೆ, ಹಾಗೆಯೇ ‘40 ಲೀಟರ್ ಹಿಡಿಯುವ ಪೆಟ್ಟಿಗೆ’. ನಾಮಪದ ಬೇಕೇಬೇಕೆಂದಲ್ಲಿ ‘ಒಳಹಿಡಿತ’.

ಇದು ಏಕೆ ಅಷ್ಟು ಮುಖ್ಯ ಎಂದರೆ ಪೆಟ್ಟಿಗೆಯ ಸ್ವರವೆಲ್ಲ ಈ ಒಂದು ಅಳತೆಯಲ್ಲಿದೆ. ವೂಫರಿನ ಜೊತೆಗೆ ಬರುವ ಚೀಟಿಯಲ್ಲಿ ಥೀಲ್–ಸ್ಮಾಲ್ ಅಳತೆಗಳಿರುತ್ತವೆ (ಯಾವ ಪೆಟ್ಟಿಗೆಯಲ್ಲಿ ಆ ವೂಫರ್ ಹೇಗೆ ನುಡಿಯುತ್ತದೆ ಎಂದು ಲೆಕ್ಕಹಾಕಲು ಬೇಕಾದ ಅಂಕಿಗಳು). ಅವುಗಳಲ್ಲಿ ಒಂದು ‘ವಿಎಎಸ್’: ಕೋನನ್ನು ಹಿಡಿದಿರುವ ಭಾಗಗಳಷ್ಟೇ ಬಿಗುವು ಎಷ್ಟು ಲೀಟರ್ ಗಾಳಿಗಿದೆ ಎಂಬ ಲೆಕ್ಕ. ಇದಕ್ಕೆ ‘ಸಮಬಿಗುವಿನ ಗಾಳಿ’ ಎಂದು ಬರೆದಿದ್ದೇನೆ, ನಿಮ್ಮ ಅಭಿಪ್ರಾಯ ಬೇಕು. ಅದು 40 ಲೀಟರ್, ವೂಫರಿನ ಕ್ಯೂಟಿಎಸ್ (ಪೆಟ್ಟಿಗೆಯಿಲ್ಲದಾಗಿನ ಕ್ಯೂ, ಅಂದರೆ ಸಹಜ ಕಂಪನದಲ್ಲಿ ಅದು ಎಷ್ಟು ಗುಂಯ್‌ಗುಡುತ್ತದೆ ಎಂಬ ಅಂಕಿ) 0.5, ಸಹಜ ಕಂಪನ 30 ಹರ್ಟ್ಸ್ ಇದೆ ಎನ್ನೋಣ. 40 ಲೀಟರ್ ಹಿಡಿಯುವ ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂರಿಸಿದರೆ ಒಟ್ಟು ಕ್ಯೂ 0.707 ಬರುತ್ತದೆ, ಕಂಪನ ಸುಮಾರು 42 ಹರ್ಟ್ಸ್‌ಗೆ ಏರುತ್ತದೆ. ತೂಗಿ ನೋಡಿದಂತಹ, ಗುಂಯ್‌ಗುಡದ ಸದ್ದು. ಅದೇ ವೂಫರನ್ನು 20 ಲೀಟರಿನಲ್ಲಿ ತುರುಕಿದರೆ ಕ್ಯೂ 0.87, ಕಂಪನ 52 ಹರ್ಟ್ಸ್. ಆಳ ಹೋಗಿ, ಒಂದೇ ಸ್ವರದಲ್ಲಿ ಉಬ್ಬಿದ ಸದ್ದು ಉಳಿಯುತ್ತದೆ. ಫೈಬರ್‌ಗ್ಲಾಸ್ ಪೆಟ್ಟಿಗೆಗೆ ಮೂಲೆಯೂ ಇಲ್ಲ, ನೇರ ಅಂಚೂ ಇಲ್ಲ. ಉದ್ದ, ಅಗಲ, ಎತ್ತರ ಗುಣಿಸಿ ಒಳಹಿಡಿತ ತೆಗೆಯಲಾಗುವುದಿಲ್ಲ. ನಮ್ಮ ಹುಡುಗ ಮಾಡುವುದು ಹೀಗೆ: ಸ್ಪೀಕರ್ ಕೂರಿಸುವ ಮೊದಲು ಆ ತೂತಿನಿಂದ ಕಡಲೆಪುರಿಯನ್ನು ಕಂಠಮಟ್ಟ ಸುರಿಯುತ್ತಾನೆ, ಪೆಟ್ಟಿಗೆ ಅಲ್ಲಾಡಿಸಿ ಮೂಲೆಮೂಲೆಗೂ ಇಳಿಯುವಂತೆ ನೋಡಿಕೊಳ್ಳುತ್ತಾನೆ, ಆಮೇಲೆ ಲೀಟರ್ ಪಾತ್ರೆಯಲ್ಲಿ ಅಳೆಯುತ್ತಾ ಹೊರತೆಗೆಯುತ್ತಾನೆ. ಅದರಲ್ಲಿ ಸ್ಪೀಕರಿನ ಹಿಂಭಾಗ ಒಳಗೆ ಆಕ್ರಮಿಸುವ ಜಾಗವನ್ನು ಕಳೆದರೆ ಸಿಗುವುದು ನಿಜವಾದ ಹಿಡಿತ. ‘ಹಿಡಿಯುವ’ ಎಂಬ ಮಾತು ಈ ಅಳತೆಗೆ ಎಷ್ಟು ಸಲೀಸಾಗಿ ಒಗ್ಗುತ್ತದೆ ಎಂಬುದನ್ನು ಗಮನಿಸಿ.

ಸದ್ದಿನ ಬಗೆಗೂ ಒಂದು ಮಾತು. ‘ಬೇಸ್’ ಎಂದರೆ ತಳವೂ ಹೌದು, ತಗ್ಗಿನ ಸ್ವರವೂ ಹೌದು. ಪೆಟ್ಟಿಗೆಯ ತಳವನ್ನೂ ಹೇಳಬೇಕಾದಲ್ಲಿ ಗೊಂದಲವಾಗುತ್ತದೆ. ‘ಮಂದ್ರ’ ಎಂದು ಬರೆಯಲು ಹೊರಟೆ, ಲೆಕ್ಕ ಒಪ್ಪಲಿಲ್ಲ. ಗಾಯಕನ ಆಧಾರ ಷಡ್ಜ 130 ಹರ್ಟ್ಸ್ ಸುಮಾರಿಗೆ ಇದ್ದರೆ ಮಂದ್ರ ಸ್ಥಾಯಿ 65ರಿಂದ 130ರವರೆಗೆ, ಅನುಮಂದ್ರ 33ರಿಂದ 65ರವರೆಗೆ. ಸಬ್‌ವೂಫರಿನ ಕೆಲಸ ಹೆಚ್ಚಾಗಿ 80 ಹರ್ಟ್ಸ್‌ಗಿಂತ ಕೆಳಗೆ. ಅಂದರೆ ಅದು ಬಹುಪಾಲು ನುಡಿಸುವುದು ಅನುಮಂದ್ರವನ್ನು. ಸಂಗೀತಶಾಸ್ತ್ರದಲ್ಲಿ ಸಿದ್ಧವಾಗಿರುವ ಈ ಪದವನ್ನು ಕಾರಿನ ಅಂಗಡಿಗೆ ತರುವುದು ಭಾರವಾದೀತೇ? ಸಂಗೀತ ಬಲ್ಲವರು ಹೇಳಬೇಕು. ನನಗಂತೂ ತರಬೇಕೆಂಬ ಆಸೆ ಇದೆ.

ಉಳಿದವು ಸುಲಭ. ಫೈಬರ್‌ಗ್ಲಾಸ್‌ಗೆ ಗಾಜಿನ ನಾರು, ಮ್ಯಾಟ್‌ಗೆ ನಾರುಹಾಸು (ನೆಯ್ದದ್ದಲ್ಲವಾದ್ದರಿಂದ ಚಾಪೆ ಬೇಡ), ರೆಸಿನ್‌ಗೆ ರಾಳ, ಬಬಲ್‌ಗೆ ಗುಳ್ಳೆ. ಚೌಕಟ್ಟಿನ ಮೇಲೆ ಬಟ್ಟೆಯನ್ನು ಎಳೆದು ಕೂರಿಸುವುದಕ್ಕೆ ‘ಬಿಗಿಯುವುದು’. ಡಿಕ್ಕಿಯನ್ನು ಡಿಕ್ಕಿ ಎಂದೇ ಬಿಟ್ಟಿದ್ದೇನೆ.

ಒಂದು ಕ್ರಿಯೆಗೆ ಮಾತ್ರ ಪದ ಸಿಕ್ಕಿಲ್ಲ. ನಾರುಹಾಸು ಮೊದಲು ಹಾಲುಬಿಳುಪು. ಬ್ರಷ್‌ನಿಂದ ರಾಳವನ್ನು ಕುಟ್ಟಿ ಕುಟ್ಟಿ ಇಳಿಸಿದಂತೆ ಬಿಳುಪು ಕರಗಿ, ಅಡಿಯ ಪದರ ಕಾಣುವಷ್ಟು ತಿಳಿಯಾಗುತ್ತದೆ. ಎಲ್ಲಿ ಬಿಳಿ ಉಳಿದಿದೆಯೋ ಅಲ್ಲಿ ರಾಳ ಇಳಿದಿಲ್ಲ, ಅಲ್ಲಿ ಪದರಗಳು ಬಿಟ್ಟುಕೊಳ್ಳುತ್ತವೆ. ‘ನೆನೆಯಿತು’ ಎಂದರೆ ಮೇಲೆ ಒದ್ದೆಯಾದರೂ ಸಾಕು ಎಂಬಂತಾಗುತ್ತದೆ. ‘ಕುಡಿಯಿತು’ ಎಂದರೆ ಪೂರ್ತಿ ಹೀರಿತು ಎಂದಾಗುತ್ತದೆ, ಆದರೆ ತಿಳಿಯಾಗುವ ಭಾವ ಬರುವುದಿಲ್ಲ. ಮಲ್ಪೆ, ಮಂಗಳೂರಿನ ಕಡೆ ಫೈಬರ್ ದೋಣಿ ಕಟ್ಟುವವರೂ ಇದೇ ನಾರುಹಾಸು, ಇದೇ ರಾಳ ಬಳಸುತ್ತಾರೆ. ಹಾಸು ಬಿಳುಪು ಬಿಟ್ಟು ತಿಳಿಯಾದದ್ದಕ್ಕೆ, ಬಿಳಿಯಾಗಿಯೇ ಉಳಿದ ಆ ಕಲೆಗೆ ಅವರ ಬಾಯಲ್ಲಿ ಏನೆನ್ನುತ್ತಾರೆ? ಕನ್ನಡ, ತುಳು, ಕೊಂಕಣಿ ಯಾವುದಾದರೂ ಸರಿ, ಕರಾವಳಿಯ ಗೆಳೆಯರು ದಯವಿಟ್ಟು ಕೇಳಿ ತಿಳಿಸಿ.