ಮ್ಯಾಟ್ ಮೇಲೆ ಮಲಗಿ ಅಂದರೆ ಎಲ್ಲರೂ ಮಲಗುತ್ತಾರಾ?

ಪ್ರಶ್ನೆ (ಮೈಸೂರು, ಆಪ್ತಸಮಾಲೋಚಕಿ):
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ದೇಹ ಆಧಾರಿತ ಥೆರಪಿಯ ಆನ್‌ಲೈನ್ ಕೋರ್ಸ್ ಮುಗಿಸಿದೆ. ಮನಸ್ಸಿಗೆ ಬಿದ್ದ ಪೆಟ್ಟು ಮೈಯಲ್ಲೂ ಉಳಿದಿರುತ್ತದೆ ಅಂತ, ಮಾತಿನ ಜೊತೆ ಉಸಿರು, ಬಿಗಿತ, ಚಲನೆ ಎಲ್ಲ ಗಮನಿಸುವ ಪದ್ಧತಿ. ಮೊನ್ನೆ ಮಂಡ್ಯ ಕಡೆಯಿಂದ ಐವತ್ತು ದಾಟಿದ ಒಬ್ಬ ಅಮ್ಮ ಬಂದಿದ್ದರು. ಮ್ಯಾಟ್ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, "ಮೈಯಲ್ಲಿ ಏನು ಅನಿಸ್ತಿದೆ?" ಅಂತ ಕೇಳಿದೆ. "ಏನೂ ಇಲ್ಲ ಕಣವ್ವ, ಎಲ್ಲಾ ಚೆನ್ನಾಗದೆ" ಅಂದರು. ಸೆರಗು ಮಾತ್ರ ಬಿಗಿಯಾಗಿ ಹಿಡಿದುಕೊಂಡಿದ್ದರು. ಮತ್ತೆ ಬರಲಿಲ್ಲ. ಅದೇ ವಾರ ಒಬ್ಬ ಟ್ರಾನ್ಸ್ ಹುಡುಗ (ಹುಟ್ಟಿದಾಗ ಹೆಣ್ಣು ಅಂದಿದ್ದರು, ತಾನು ಹುಡುಗ ಅನ್ನುತ್ತಾನೆ), "ಎದೆ ಮೇಲೆ ಕೈ ಇಟ್ಟು ಉಸಿರಾಡು" ಅಂದ ತಕ್ಷಣ ಎದ್ದು ಹೋದ. ಪದ್ಧತಿ ತಪ್ಪಾ, ನಾನು ತಪ್ಪಾ?
(ತಿದ್ದಿದ್ದು: ಊರಿನ ಹೆಸರು ತೆಗೆದಿದ್ದೇನೆ.)

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್):
ಮೊದಲು ಪೋಸ್ಟಿನಿಂದ ಆ ಅಮ್ಮನ ಊರು ತೆಗೆಯಿರಿ. ಈ ಗುಂಪಲ್ಲಿ ಆ ಊರಿನವರೇ ಇದ್ದರೆ?

ಈಗ ವಿಷಯ. ನೀವು ಕಲಿತದ್ದರಲ್ಲಿ ಬಹುಪಾಲು ಅಮೆರಿಕದಲ್ಲಿ ಬೆಳೆದದ್ದು. ಪೀಟರ್ ಲೆವಿನ್ 1970ರ ದಶಕದಿಂದ ಕಟ್ಟಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್, ಪ್ಯಾಟ್ ಆಗ್ಡನ್ ಅವರ ಸೆನ್ಸರಿಮೋಟರ್ ಸೈಕೋಥೆರಪಿ, ಇವೆಲ್ಲ ಅಲ್ಲಿಯವು. ನಮ್ಮಲ್ಲಿಗೆ ಬರುವವರ ಮೈ ಬೇರೆ ಥರ ಪಳಗಿದೆ. ಗುರುತಿಲ್ಲದವರ ಮುಂದೆ ಆ ಅಮ್ಮ ಮಲಗಿದ್ದರೆ ಅದು ಆಸ್ಪತ್ರೆಯಲ್ಲಿ ಮಾತ್ರ ಇರಬೇಕು.

"ಮೈಯಲ್ಲಿ ಏನು ಅನಿಸ್ತಿದೆ" ಅನ್ನುವುದು ಕನ್ನಡದ ಬಟ್ಟೆ ತೊಟ್ಟ ಇಂಗ್ಲಿಷ್ ಪ್ರಶ್ನೆ. ಮನೆಯಲ್ಲಿ ಯಾರು ಹಾಗೆ ಕೇಳುತ್ತಾರೆ ಹೇಳಿ? "ಮಗ ಫೋನ್ ಎತ್ತಲಿಲ್ಲವಲ್ಲ, ಆಗ ಹೆಂಗಾಯ್ತಮ್ಮ?" ಅಂತ ಕೇಳಿ ನೋಡಿ. ಎದೆ ಧಸಕ್ ಅಂತು, ಕರುಳು ಕಿವುಚಿದಂಗಾಯ್ತು, ಗಂಟಲು ಕಟ್ತು, ಕೈಕಾಲೇ ಆಡಲಿಲ್ಲ. ಸಾಲಾಗಿ ಬರುತ್ತದೆ. "ಕರುಳು ಅಂದ್ರಲ್ಲ, ಈಗಲೂ ಹಂಗೇ ಅದೆಯಾ?" ಅಂತ ಅಲ್ಲಿಂದ ಹಿಡಿಯಿರಿ. ಆದರೆ ಈ ವಯಸ್ಸಿನವರು ಎದೆ ಹಿಡಿದುಕೊಳ್ಳುತ್ತದೆ ಅಂದರೆ ಮೊದಲು ಇಸಿಜಿ ಮಾಡಿಸಿ. ಜಯದೇವ ಆಸ್ಪತ್ರೆ ಕೆ.ಆರ್.ಎಸ್. ರಸ್ತೆಯಲ್ಲೇ ಇದೆ.

ನನ್ನ ಬಳಿ ಬರುತ್ತಿದ್ದ ಒಬ್ಬರು ಕೂತಲ್ಲೇ ಸೊಪ್ಪು ಬಿಡಿಸುವ ಹಾಗೆ ಬೆರಳು ಆಡಿಸುತ್ತಿದ್ದರು. ಮುಂದಿನ ಸಲ ಒಂದು ಮೊರದಲ್ಲಿ ಅವರೆಕಾಯಿ ಇಟ್ಟೆ. ಸುಲಿಯುತ್ತಾ ಮಾತಾಡಿದರು. ಕಾಲು ಕೆಜಿ ಮುಗಿಯುವಷ್ಟರಲ್ಲಿ ಕಿವಿಯವರೆಗೆ ಏರಿದ್ದ ಭುಜ ಇಳಿದಿತ್ತು. (ಗುರುತು ಸಿಗುವ ವಿವರ ಬಿಟ್ಟಿದ್ದೇನೆ, ನೋಡಿ.)

ಆ ಹುಡುಗನ ಮಾತು. ಎದೆ ಅನ್ನುವುದೇ ಅವನಿಗೆ ಸಂಕಟದ ಜಾಗ ಇರಬಹುದು. ಬೈಂಡರ್ (ಎದೆ ಚಪ್ಪಟೆಯಾಗಿ ಕಾಣಲೆಂದು ತೊಡುವ ಬಿಗಿ ಒಳಉಡುಪು) ಬಿಗಿದುಕೊಂಡು ಬಂದಿದ್ದರೆ ಉಸಿರು ಉದ್ದಕ್ಕೆ ಎಳೆಯುವುದೂ ಕಷ್ಟ. ಅಂಗೈಯೋ, ಪಾದವೋ, ಕುರ್ಚಿಗೆ ಒರಗಿದ ಬೆನ್ನೋ, ಎಲ್ಲಿಂದ ಶುರು ಅಂತ ಅವನೇ ಹೇಳಲಿ. ಎದ್ದು ಹೋದದ್ದನ್ನು "ಸಹಕರಿಸಲಿಲ್ಲ" ಅಂತ ಫೈಲಲ್ಲಿ ಬರೆಯಬೇಡಿ. ಮೈ ಬೇಡ ಅಂತು, ಅವನು ಮೈಯ ಮಾತು ಕೇಳಿದ. ನಾವು ಕಲಿಸಬೇಕೆಂದಿದ್ದೂ ಅದೇ ಅಲ್ವಾ?

ಪ್ರಶ್ನೆ (ಮಂಡ್ಯ):
ಮೇಡಂ, ನಮ್ಮವರ ಮೈ ಬೇರೆ ಥರ ಪಳಗಿದೆ ಅಂದ್ರಲ್ಲ, ಅದರಲ್ಲಿ ಜಾತಿಯೂ ಬರುತ್ತಾ? ಥೆರಪಿ ಒಳಗೂ ಜಾತಿ ತರಬೇಕಾ? ಸುಮ್ನೆ ಕೇಳಿದೆ.

ಉತ್ತರ:
ಕೇಳಿದ್ದು ಒಳ್ಳೆಯದಾಯಿತು. "ಮುಟ್ಟಬೇಡ, ದೂರ ನಿಲ್ಲು" ಅಂತ ಕೇಳಿ ಬೆಳೆದವರ ಭುಜದ ಮೇಲೆ ನಾನು ಕೇಳದೆ ಕೈ ಇಟ್ಟರೆ ಸಮಾಧಾನ ಆಗಬಹುದು, ಮೈಯೆಲ್ಲ ಸೆಟೆದುಕೊಳ್ಳಲೂಬಹುದು. ಹೇಗೆ ಗೊತ್ತಾಗಬೇಕು? ಕುರ್ಚಿ ತುದಿಯಲ್ಲಿ ಕೂರುವುದನ್ನು, ತಲೆ ತಗ್ಗಿಸುವುದನ್ನು ನಾವು "ಆತ್ಮವಿಶ್ವಾಸ ಕಡಿಮೆ" ಅಂತ ಬರೆದುಬಿಡುತ್ತೇವೆ. ನೆಟ್ಟಗೆ ನಿಂತರೆ ಬೈಗುಳ, ಏಟು ತಿಂದ ಮನೆಗಳಲ್ಲಿ ಬಗ್ಗುವುದೇ ಬದುಕುವ ದಾರಿಯಾಗಿತ್ತು. "ಎದೆ ಎತ್ತಿ ಕೂರಿ" ಅನ್ನುವ ಮೊದಲು ಅವರು ವಾಪಸ್ ಹೋಗುವ ಬೀದಿಯನ್ನೂ ನೆನೆಸಿಕೊಳ್ಳಿ. ಕಾನೂನೂ ಇದೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾತಿ, ಧರ್ಮ, ಲಿಂಗ, ಲೈಂಗಿಕ ಒಲವು, ಅಂಗವೈಕಲ್ಯ ನೋಡಿ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ ಅನ್ನುತ್ತದೆ.

ಪ್ರಶ್ನೆ (ಗೋಕುಲಂ, ಯೋಗ ಶಿಕ್ಷಕ):
ನಾವು ಓಂಕಾರದಿಂದ ಶುರು ಮಾಡುತ್ತೇವೆ. ಬುರ್ಖಾ ಹಾಕುವ ಒಬ್ಬರು ಸೇರಿದ್ದಾರೆ.

ಉತ್ತರ:
ಅವರನ್ನೇ ಕೇಳಿ, ಎಲ್ಲರ ಎದುರು ಬೇಡ. ಬರೀ ಉಸಿರಿಂದಲೂ ಶುರು ಮಾಡಬಹುದು. ಭಂಗಿ ತಿದ್ದಲು ಮುಟ್ಟುವುದಕ್ಕೆ ಒಂದು ಉಪಾಯ: ಮ್ಯಾಟ್ ಪಕ್ಕ ಒಂದೊಂದು ಬಿಲ್ಲೆ ಇಡಿ. ಒಂದು ಮಗ್ಗುಲಲ್ಲಿ "ಮುಟ್ಟಬಹುದು", ಇನ್ನೊಂದರಲ್ಲಿ "ಬೇಡ". ನಡುವೆ ಮನಸ್ಸು ಬದಲಾದರೆ ತಿರುಗಿಸಲಿ.

ಪ್ರಶ್ನೆ (ಮೈಸೂರು):
ನನ್ನ ತಂಗಿಗೆ ಕಿವಿ ಕೇಳುವುದಿಲ್ಲ, ಕೈಸನ್ನೆಯಲ್ಲೇ ಮಾತು. ಅವಳಿಗೆ ಇದು ಆಗುತ್ತಾ ಅಕ್ಕ?

ಉತ್ತರ:
ಆಗುತ್ತದೆ. ಕಣ್ಣು ಮುಚ್ಚಿಸಿದರೆ ನಮ್ಮ ಮಾತು ಅವಳಿಗೆ ತಲುಪುವುದೇ ಇಲ್ಲ. ಕೈ ತೊಡೆ ಮೇಲಿಡು ಅಂದರೆ ಬಾಯಿ ಮುಚ್ಚಿಸಿದ ಹಾಗೆ. ಅವಳ ಸನ್ನೆಯೇ ಮೈಯ ಮಾತು. ಯಾವ ಸನ್ನೆ ಜೋರಾಯಿತು, ಯಾವುದು ಅರ್ಧಕ್ಕೆ ನಿಂತಿತು ಅಂತ ಥೆರಪಿಸ್ಟ್ ನೋಡಬೇಕು. ಸನ್ನೆ ಬರುವವರೇ ಸಿಕ್ಕರೆ ಉತ್ತಮ. ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ವಿಚಾರಿಸಿ. ಮಾತ್ರೆ ನಡೆಯುತ್ತಿದ್ದರೆ ಇದಕ್ಕಾಗಿ ನಿಲ್ಲಿಸಬೇಡಿ. ಈ ಥೆರಪಿಗೆ ಸಂಶೋಧನೆಯ ಬೆಂಬಲ ಇನ್ನೂ ಕಡಿಮೆಯೇ.

ಪ್ರಶ್ನೆ ಹಾಕಿದವರು:
ಊರು ತೆಗೆದೆ ಮೇಡಂ, ಕ್ಷಮಿಸಿ. ಆ ಅಮ್ಮನಿಗೆ ಫೋನ್ ಮಾಡಲಾ?

ಉತ್ತರ:
ಒಂದು ಸಲ ಮಾಡಿ. ಮಲಗಿಸುವುದಿಲ್ಲ ಅಂತ ಮೊದಲೇ ಹೇಳಿ. ಬಂದರೆ ಮ್ಯಾಟ್ ಸುತ್ತಿಡಿ, ಬಾಗಿಲು ಕಾಣುವ ಹಾಗೆ ಕುರ್ಚಿ ಹಾಕಿ. ಕತ್ತಲಾಗುವುದರೊಳಗೆ ಅವರು ಮಂಡ್ಯದ ಬಸ್ ಹತ್ತಬೇಕು, ನಾಲ್ಕಕ್ಕೆ ಮುಗಿಸಿ.