ಸಹಾಯ ಬೇಕು: ಡೈವ್ ಮುಗಿಯುವ ಹೊತ್ತಿಗೆ ಮೇಲಕ್ಕೆ ತೇಲುತ್ತೇನೆ, ಸೀಸ ಎಷ್ಟು ಕಟ್ಟಬೇಕು?

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಮುನಿರಾಬಾದಿನವನು. ಚಿಕ್ಕಂದಿನಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತೆ. ಈಗ ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದನ್ನು, ಕಲಿಯುತ್ತಿದ್ದೇನೆ. ತೇಲುವುದು ಗೊತ್ತು, ನೀರಿನ ನಡುವೆ ನಿಲ್ಲುವುದು ಇನ್ನೂ ಕೈಗೆ ಹತ್ತಿಲ್ಲ.

ಈಜುಕೊಳದ ತರಬೇತಿಯಲ್ಲಿ, ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ 4 ಕೆಜಿ ಇದ್ದರೆ ಸರಿಹೋಗುತ್ತಿತ್ತು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ, ಉಪ್ಪುನೀರು ಹೆಚ್ಚು ತೇಲಿಸುತ್ತದೆಂದು 6 ಕೆಜಿ ಕಟ್ಟಿಕೊಂಡೆ. ತುಂಬಿದ ಸಿಲಿಂಡರಿನೊಂದಿಗೆ, ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್ಟನ್ನು ಖಾಲಿ ಮಾಡಿ ನೋಡಿದಾಗ ನೀರು ಸರಿಯಾಗಿ ಕಣ್ಣಿನ ಮಟ್ಟಕ್ಕಿತ್ತು, ಹಾಗಾಗಿ ತೂಕ ಸರಿಯಿದೆ ಎಂದುಕೊಂಡೆ. 12 ಮೀಟರ್ ಆಳದಲ್ಲಿ ಜಾಕೆಟ್ಟಿಗೆ ಎರಡು ಸಲ ಸ್ವಲ್ಪ ಗಾಳಿ ಬಿಟ್ಟುಕೊಂಡು ಬಂಡೆಯ ಪಕ್ಕ ಅಲುಗದೆ ನಿಂತೆ. ಎಂಥ ಸಂತೋಷ!

ಕೊನೆಗೆ ಮೇಲೆ ಬರುವ ಮುನ್ನ ಸುರಕ್ಷತೆಗಾಗಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದಾಗ ಎಲ್ಲವೂ ಕೆಟ್ಟಿತು. ಸಿಲಿಂಡರಿನ ಒತ್ತಡ ತೋರಿಸುವ ಗೇಜಿನಲ್ಲಿ 50 ಬಾರ್ ಉಳಿದಿತ್ತು. ಜಾಕೆಟ್ಟಿನ ಗಾಳಿಯನ್ನೆಲ್ಲ ಹೊರಬಿಟ್ಟೆ, ಉಸಿರನ್ನೂ ಪೂರ್ತಿ ಬಿಟ್ಟೆ, ಆದರೂ ದೇಹ ಮೇಲೇಳುತ್ತಲೇ ಇತ್ತು. ಲಂಗರಿನ ಹಗ್ಗ ಹಿಡಿದು ಅಂಗೈ ಕೆಂಪಾಯಿತು.

ಮನೆಗೆ ಬಂದು ಲೆಕ್ಕ ಹಾಕಿದೆ. 11 ಲೀಟರಿನ ಸಿಲಿಂಡರ್ 200 ಬಾರಿನಿಂದ 50ಕ್ಕೆ ಇಳಿದರೆ ಗಾಳಿಯ ತೂಕವೇ ಸುಮಾರು 2 ಕೆಜಿ ಕಡಿಮೆಯಾಗುತ್ತದೆ. ಮೇಲೇರಿದಂತೆ ವೆಟ್‌ಸೂಟಿನ (ಮೈ ಬೆಚ್ಚಗಿಡುವ ರಬ್ಬರ್ ಉಡುಪಿನ) ಒಳಗಿನ ಗಾಳಿಗುಳ್ಳೆಗಳೂ ಹಿಗ್ಗುತ್ತವೆ. ಇಲ್ಲಿಯವರೆಗೆ ಅರ್ಥವಾಯಿತು. ಆದರೆ ಆ 2 ಕೆಜಿಯನ್ನು ಮೊದಲೇ ಸೇರಿಸಿಕೊಂಡರೆ ಆಳದಲ್ಲಿ ಜಾಕೆಟ್ಟಿಗೆ ಹೆಚ್ಚು ಗಾಳಿ ತುಂಬಬೇಕಾಗುತ್ತದೆ. ಆ ಗಾಳಿ ಏರುವಾಗ ಹಿಗ್ಗಿ ನನ್ನನ್ನು ರಭಸದಿಂದ ಎತ್ತಿಬಿಟ್ಟರೆ ಎಂಬ ಭಯವಿದೆ.

ಅನುಭವವಿರುವವರು ದಯವಿಟ್ಟು ಹೇಳಿ: ಸೀಸದ ತೂಕವನ್ನು ತುಂಬಿದ ಸಿಲಿಂಡರಿನಲ್ಲಿ ಪರೀಕ್ಷಿಸಬೇಕೇ, 50 ಬಾರ್ ಉಳಿದಾಗಲೇ? ಮುಂದಿನ ಸಲ ನಾನು 8 ಕೆಜಿ ಕಟ್ಟಬೇಕೇ?